ಸಾಕುನಾಯಿಯ ಡೈಪರ್: ವರ್ತಕರೂ ಹೊಲಿಗೆ ಘಟಕಗಳೂ ತಿಳಿದಿರಬೇಕಾದ ಸಂಗತಿಗಳು

ಮಾರುಕಟ್ಟೆಗೆ ಬರುವ ಹೊಸ ಸರಕನ್ನು ಕಂಡು ಮೊದಲು ನಗುವುದು, ನೆರೆಯ ಅಂಗಡಿಯಲ್ಲಿ ಅದು ಖರ್ಚಾಗತೊಡಗಿದ ಮೇಲೆ ಧಾವಿಸಿ ಸಗಟು ಖರೀದಿ ಮಾಡುವುದು ವ್ಯಾಪಾರಿ ವಲಯದ ಹಳೆಯ ರೂಢಿ. ಕುಡಿಯುವ ನೀರನ್ನು ಬಾಟಲಿಯಲ್ಲಿ ತುಂಬಿ ಮಾರಲು ಹೊರಟಾಗಲೂ ನಕ್ಕವರು ಇದ್ದರು. ನಾಯಿಗೆ ತೊಡಿಸುವ ಡೈಪರ್ ಇದೇ ಸಾಲಿಗೆ ಸೇರಿದ ಸರಕು. ನಗುವುದೂ ಬೇಡ, ಧಾವಿಸುವುದೂ ಬೇಡ. ಇದು ಯಾರಿಗೆ ಬೇಕು, ಯಾವಾಗ ಬೇಡ, ಹೇಗೆ ಅಳೆಯಬೇಕು, ಹೇಗೆ ತೊಡಿಸಬೇಕು ಎಂಬುದನ್ನು ಅರಿಯದೆ ಇದನ್ನು ಮಾರಲು ಕುಳಿತವರ ಕಪಾಟಿನಲ್ಲಿ ಸರಕು ಉಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಕೊಂಡವರ ಮನೆಯ ಪ್ರಾಣಿಗೆ ಅಪಾಯವೂ ಒದಗಬಹುದು.

ಗೌರಿಬಿದನೂರು ತಾಲ್ಲೂಕಿನಲ್ಲಿ ಆಂಧ್ರದ ಗಡಿಗೆ ಸಮೀಪವಿರುವ ನಗರಗೆರೆಯಂತಹ ಹೋಬಳಿ ಕೇಂದ್ರದಲ್ಲಿ ಈ ಸರಕಿಗೆ ಗಿರಾಕಿಗಳು ಸಿಗುವುದು ಕಷ್ಟವೆಂಬುದನ್ನು ಮೊದಲೇ ಒಪ್ಪಿಕೊಳ್ಳುವುದು ಒಳ್ಳೆಯದು. ಇಲ್ಲಿ ನಾಯಿ ಅಂಗಳದಲ್ಲಿರುತ್ತದೆ, ತೋಟದಲ್ಲಿರುತ್ತದೆ, ರಾತ್ರಿ ಹಟ್ಟಿಯ ಬಾಗಿಲಲ್ಲಿ ಮಲಗುತ್ತದೆ. ಅದರ ಮೂತ್ರ ಯಾರಿಗೂ ಸಮಸ್ಯೆಯಲ್ಲ. ಗಿರಾಕಿ ಇರುವುದು ರೈಲು ಮಾರ್ಗದ ಇನ್ನೊಂದು ತುದಿಯಲ್ಲಿ. ಗೌರಿಬಿದನೂರಿನಿಂದ ದೊಡ್ಡಬಳ್ಳಾಪುರದ ಮೇಲೆ ಯಲಹಂಕ ತಲುಪಿದರೆ, ಹತ್ತನೆಯ ಮಹಡಿಯ ಮನೆಯಲ್ಲಿ ಲ್ಯಾಬ್ರಡಾರ್, ಪಗ್, ಡ್ಯಾಶ್‌ಹಂಡ್ ಸಾಕಿಕೊಂಡಿರುವ ಕುಟುಂಬಗಳು ಸಿಗುತ್ತವೆ. ಮರಿಯಾಗಿ ತಂದ ನಾಯಿ ಹನ್ನೆರಡು ಹದಿಮೂರು ವರ್ಷ ಬಾಳಿ ಮುದಿಯಾದಾಗ ಲಿಫ್ಟ್ ಇಳಿಯುವವರೆಗೆ ತಡೆದುಕೊಳ್ಳಲಾರದು. ಅಲ್ಲಿಂದ ಈ ಸರಕಿನ ಬೇಡಿಕೆ ಆರಂಭವಾಗುತ್ತದೆ.

ಹಾಗಿದ್ದರೂ ಈ ವಿಷಯ ಇಲ್ಲಿನವರಿಗೆ ಸಂಬಂಧಿಸಿದ್ದೇ. ಗೌರಿಬಿದನೂರಿನಲ್ಲಿ ರೇಮಂಡ್ ಸಮೂಹದ ಸಿದ್ಧ ಉಡುಪು ಕಾರ್ಖಾನೆಯಿದೆ, ದೊಡ್ಡಬಳ್ಳಾಪುರದಲ್ಲಿ ಮಗ್ಗಗಳೂ ಅಪ್ಯಾರೆಲ್ ಪಾರ್ಕೂ ಇವೆ, ಗಡಿಯಾಚೆಗೆ ಹಿಂದೂಪುರವಿದೆ. ಎಲಾಸ್ಟಿಕ್ ಕೂಡಿಸಬಲ್ಲ, ವೆಲ್ಕ್ರೋ ಹೊಲಿಯಬಲ್ಲ, ಅಂಚು ಓವರ್‌ಲಾಕ್ ಮಾಡಬಲ್ಲ ಕೈಗಳಿಗೆ ಈ ಭಾಗದಲ್ಲಿ ಕೊರತೆಯಿಲ್ಲ. ಒಗೆದು ಮತ್ತೆ ಬಳಸುವ ನಾಯಿ ಡೈಪರ್ ಎಂಬುದು ವಾಸ್ತವವಾಗಿ ಒಂದು ಸಣ್ಣ ಉಡುಪು. ಹಾಗಾಗಿ ನಾಲ್ಕಾರು ಯಂತ್ರಗಳ ಘಟಕ ಇದರ ಬಗ್ಗೆ ಯೋಚಿಸುವುದರಲ್ಲಿ ತಪ್ಪಿಲ್ಲ.

ಮೊದಲ ಪ್ರಶ್ನೆ: ಏಕೆ ಬೇಕು?

ಗ್ರಾಹಕ ಬಂದು ನಾಯಿಗೆ ಡೈಪರ್ ಕೇಳಿದಾಗ ಅಂಗಡಿಯವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಯಾವ ಸೈಜು ಎಂಬುದು. ಕೇಳಬೇಕಾದ ಪ್ರಶ್ನೆ ಏಕೆ ಎಂಬುದು. ಕಾರಣ ತಿಳಿದರೆ ಗಂಡಿಗೋ ಹೆಣ್ಣಿಗೋ, ಎಷ್ಟು ದಿನಕ್ಕೆ, ಕಾಗದದ್ದೋ ಬಟ್ಟೆಯದ್ದೋ ಎಂಬುದೆಲ್ಲ ತಾನಾಗಿ ಇತ್ಯರ್ಥವಾಗುತ್ತದೆ.

ಹೆಣ್ಣು ನಾಯಿ ಬೆದೆಗೆ ಬಂದಾಗ ರಕ್ತಸ್ರಾವವಾಗುವುದು ಒಂದು ಕಾರಣ. ಸಂತಾನಹರಣ ಚಿಕಿತ್ಸೆಯಾಗದ ಹೆಣ್ಣು ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ. ಅವಧಿ ಎರಡರಿಂದ ಮೂರು ವಾರ. ಈ ಗ್ರಾಹಕ ವರ್ಷಕ್ಕೆ ಎರಡು ಬಾರಿ ಮಾತ್ರ ಬರುವವನು. ಡೈಪರ್ ಕಟ್ಟಿದ್ದರಿಂದ ಗಂಡು ನಾಯಿ ಹತ್ತಿರ ಸುಳಿಯದೆಂದು ನಂಬಿದವರು ಅನೇಕರು. ಅದು ರಕ್ತದ ಕಲೆಯನ್ನು ತಡೆಯುತ್ತದೆಯೇ ಹೊರತು ಗರ್ಭವನ್ನಲ್ಲ. ಈ ಮಾತನ್ನು ಅಂಗಡಿಯವರು ಬಾಯಿಬಿಟ್ಟು ಹೇಳದಿದ್ದರೆ ಎರಡು ತಿಂಗಳ ಮೇಲೆ ಮರಿಗಳ ಸಮೇತ ದೂರು ಬರುತ್ತದೆ.

ಸಂತಾನಹರಣ ಚಿಕಿತ್ಸೆಯಾದ ಕೆಲವು ಹೆಣ್ಣು ನಾಯಿಗಳಲ್ಲಿ, ವಿಶೇಷವಾಗಿ ದೊಡ್ಡ ತಳಿಗಳಲ್ಲಿ, ಕೆಲವು ವರ್ಷಗಳ ನಂತರ ಮೂತ್ರದ್ವಾರದ ಬಿಗಿ ಸಡಿಲವಾಗಿ ಮಲಗಿದ್ದಲ್ಲೇ ಒದ್ದೆಯಾಗುತ್ತದೆ. ಇದಕ್ಕೆ ಔಷಧವಿದ್ದು ಬಹುಪಾಲು ನಾಯಿಗಳಲ್ಲಿ ಗುಣ ಕಾಣುತ್ತದೆ. ಡ್ಯಾಶ್‌ಹಂಡ್‌ನಂತಹ ಉದ್ದ ಬೆನ್ನಿನ ನಾಯಿಗಳಲ್ಲಿ ಬೆನ್ನೆಲುಬಿನ ನಡುವಿನ ತಟ್ಟೆ ಜಾರಿ ಹಿಂಗಾಲುಗಳ ಸ್ವಾಧೀನ ತಪ್ಪಿದಾಗ ಮೂತ್ರದ ಹಿಡಿತವೂ ತಪ್ಪುತ್ತದೆ. ಇನ್ನುಳಿದದ್ದು ಮುದಿತನ. ವ್ಯಾಪಾರದ ದೃಷ್ಟಿಯಿಂದ ನೋಡಿದರೆ ದಿನದಿನವೂ ಸರಕು ಬೇಕಾಗುವ ಗ್ರಾಹಕರು ಈ ಕೊನೆಯ ಎರಡು ವರ್ಗದವರೇ.

ಮರಿಗೆ ಶೌಚದ ಶಿಸ್ತು ಕಲಿಸಲು ಡೈಪರ್ ಕೇಳುವವರಿಗೆ ಮಾರದಿರುವುದೇ ಲೇಸು. ಡೈಪರಿನಲ್ಲೇ ಮಾಡಲು ರೂಢಿಯಾದ ಮರಿ ಹೊರಗೆ ಹೋಗಿ ಮಾಡುವುದನ್ನು ತಡವಾಗಿ ಕಲಿಯುತ್ತದೆ.

ಡೈಪರ್ ಮುಚ್ಚಿಡುವ ಕಾಯಿಲೆಗಳು

ಇಲ್ಲಿ ಸ್ವಲ್ಪ ನಿಂತು ನೋಡುವುದು ಅವಶ್ಯ. ನೆಲ ಒದ್ದೆಯಾಗುವುದು ಮನೆಯವರಿಗೆ ತೊಂದರೆ. ಆದರೆ ನಾಯಿಯ ಮಟ್ಟಿಗೆ ಅದು ಕೆಲವೊಮ್ಮೆ ಏಕೈಕ ಎಚ್ಚರಿಕೆ. ನೆಲ ಒಣಗಿಸಿದ ಡೈಪರ್ ಆ ಎಚ್ಚರಿಕೆಯನ್ನೂ ಅಳಿಸಿಬಿಡುತ್ತದೆ.

ಗಂಡು ನಾಯಿ ಪದೇ ಪದೇ ಕಾಲೆತ್ತಿ ತಿಣುಕುತ್ತ ಹನಿ ಹನಿಯಾಗಿ ಮಾತ್ರ ಮಾಡುತ್ತಿದ್ದರೆ ಮನೆಯವರು ಅದನ್ನು ಹಿಡಿತ ತಪ್ಪಿದ್ದೆಂದು ಭಾವಿಸಬಹುದು. ಅದು ಕಲ್ಲು ಸಿಕ್ಕಿಕೊಂಡು ಮೂತ್ರನಾಳ ಕಟ್ಟಿಕೊಂಡಿರುವ ಲಕ್ಷಣವಾಗಿರಬಹುದು. ಪೂರ್ತಿ ಕಟ್ಟಿಕೊಂಡರೆ ಕೆಲವೇ ದಿನಗಳಲ್ಲಿ ಪ್ರಾಣ ಹೋಗುತ್ತದೆ. ಸಂತಾನಹರಣ ಚಿಕಿತ್ಸೆಯಾಗದ ಹೆಣ್ಣು ನಾಯಿಯಲ್ಲಿ ಬೆದೆ ಮುಗಿದು ಕೆಲವು ವಾರಗಳಾದ ಮೇಲೆ ದುರ್ವಾಸನೆಯ ಸ್ರಾವ ಕಾಣಿಸಿಕೊಂಡು, ನಾಯಿ ಊಟ ಬಿಟ್ಟು, ನೀರು ಮಾತ್ರ ಕುಡಿಯುತ್ತಿದ್ದರೆ ಅದು ಗರ್ಭಕೋಶದಲ್ಲಿ ಕೀವು ತುಂಬಿರುವ ಸೂಚನೆ. ಇದಕ್ಕೆ ತುರ್ತು ಶಸ್ತ್ರಚಿಕಿತ್ಸೆಯೇ ಮುಖ್ಯ ದಾರಿ. ಬೆದೆ ಮತ್ತೆ ಬಂದಿತೆಂದು ಡೈಪರ್ ಕಟ್ಟಿ ಕುಳಿತರೆ ನಾಯಿ ಉಳಿಯುವುದು ಕಷ್ಟ.

ಸಕ್ಕರೆ ಕಾಯಿಲೆ, ಮೂತ್ರಪಿಂಡದ ದೌರ್ಬಲ್ಯ ಮುಂತಾದವುಗಳಲ್ಲಿ ನಾಯಿ ಅತಿಯಾಗಿ ನೀರು ಕುಡಿದು ಅತಿಯಾಗಿ ಮೂತ್ರ ಮಾಡುತ್ತದೆ. ಪಶುವೈದ್ಯರ ಲೆಕ್ಕದಂತೆ ಆರೋಗ್ಯವಂತ ನಾಯಿ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ ಸುಮಾರು 20ರಿಂದ 40 ಮಿಲಿಲೀಟರ್ ಮೂತ್ರ ಮಾಡುತ್ತದೆ. 50ನ್ನು ಮೀರಿದರೆ ಅಸಹಜ. ಕುಡಿಯುವ ನೀರು ಕಿಲೋಗೆ 100 ಮಿಲಿಲೀಟರ್ ಮೀರಿದರೂ ಹಾಗೆಯೇ. ಹತ್ತು ಕಿಲೋ ತೂಕದ ನಾಯಿ ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚು ನೀರು ಕುಡಿಯುತ್ತಿದೆಯೇ ಎಂದು ಅಂಗಡಿಯವರು ಕೇಳಲು ಪಶುವೈದ್ಯ ಪದವಿ ಬೇಕಾಗಿಲ್ಲ. ಉತ್ತರ ಹೌದೆಂದಾದರೆ ಮೊದಲು ವೈದ್ಯರಲ್ಲಿಗೆ, ಆಮೇಲೆ ಅಂಗಡಿಗೆ ಎಂದು ಕಳುಹಿಸಬೇಕು. ಒಂದು ಪ್ಯಾಕೆಟ್ಟಿನ ಲಾಭ ಹೋಗಬಹುದು. ಆ ಗ್ರಾಹಕ ಮಾತ್ರ ಬೇರೆ ಅಂಗಡಿಗೆ ಹೋಗುವುದಿಲ್ಲ.

ಒಳಗಿನ ರಚನೆ

ಒಮ್ಮೆ ಬಳಸಿ ಎಸೆಯುವ ನಾಯಿ ಡೈಪರ್ ಮಕ್ಕಳ ಡೈಪರಿನ ಒಡಹುಟ್ಟು. ಮೈಗೆ ತಾಗುವ ಮೇಲ್ಪದರ ನೇಯದೆ ಬೆಸೆದ ಪಾಲಿಪ್ರೊಪಿಲೀನ್ ಹಾಳೆ. ನಡುವೆ ಮರದ ತಿರುಳಿನ ಹತ್ತಿ ಮತ್ತು ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಹರಳಿನ ಪುಡಿ. ಹೊರಗೆ ನೀರು ಸೋರದ ಪಾಲಿಥೀನ್ ಹಾಳೆ. ಭೇದವಿರುವುದು ಬಾಲಕ್ಕೆ ಬಿಟ್ಟ ರಂಧ್ರದಲ್ಲಿ ಮತ್ತು ರೋಮಕ್ಕೆ ಅಂಟದ ಪಟ್ಟಿಯಲ್ಲಿ. ಗಂಡು ನಾಯಿಗೆ ಈ ಆಕಾರವೇ ಬೇಡ. ಹೊಟ್ಟೆಯ ಸುತ್ತ ಬಿಗಿಯುವ ಅಗಲವಾದ ಪಟ್ಟಿ ಸಾಕು. ಹೆಣ್ಣಿನ ಡೈಪರನ್ನು ಗಂಡಿಗೆ ತೊಡಿಸಿದರೆ ಮೂತ್ರ ಪ್ಯಾಡಿನ ಮುಂದುಗಡೆಯಿಂದ ಹೊರಗೆ ಹರಿಯುತ್ತದೆ. ಗಂಡು ನಾಯಿ ಮಲದ ಹಿಡಿತವನ್ನೂ ಕಳೆದುಕೊಂಡಿದ್ದಲ್ಲಿ ಮಾತ್ರ ಪಟ್ಟಿಯ ಜೊತೆಗೆ ಪೂರ್ಣ ಡೈಪರ್ ಬೇಕಾಗುತ್ತದೆ.

ಅಂಗಡಿಗಳಲ್ಲಿ ಡೈಪರಿನ ಮೇಲೆ ಒಂದು ಲೋಟ ನೀರು ಸುರಿದು ತೋರಿಸುವ ಪ್ರದರ್ಶನವನ್ನು ನಂಬಬಾರದು. ಸೋಡಿಯಂ ಪಾಲಿಅಕ್ರಿಲೇಟ್ ಶುದ್ಧ ನೀರನ್ನು ತನ್ನ ತೂಕದ ನೂರಾರು ಪಟ್ಟು ಹೀರುತ್ತದೆ. ಉಪ್ಪಿನಂಶವಿರುವ ದ್ರವವನ್ನು ಹೀರುವುದು ಮೂವತ್ತರಿಂದ ಐವತ್ತು ಪಟ್ಟು ಮಾತ್ರ. ನಾಯಿಯ ಮೂತ್ರ ಸಾಮಾನ್ಯವಾಗಿ ಮನುಷ್ಯರದಕ್ಕಿಂತ ಗಾಢ. ಆದ್ದರಿಂದ ಸಗಟು ಖರೀದಿಗೆ ಮುನ್ನ ಮಾದರಿಯನ್ನು ಉಪ್ಪುನೀರಿನಿಂದ ಪರೀಕ್ಷಿಸಬೇಕು. ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಕರಗಿಸಿ, ಅದರಲ್ಲಿ 100 ಮಿಲಿಲೀಟರನ್ನು ಡೈಪರಿನ ಮಧ್ಯಭಾಗಕ್ಕೆ ಸುರಿದು, ಐದು ನಿಮಿಷ ಬಿಟ್ಟು, ಮೊದಲೇ ತೂಗಿಟ್ಟ ಒಣ ಟಿಶ್ಯೂ ಕಾಗದವನ್ನು ಮೇಲಿರಿಸಿ, ಒಂದೆರಡು ಕಿಲೋ ಭಾರ ಹೇರಿ, ಮತ್ತೆ ತೂಗಬೇಕು. ಕಾಗದದ ತೂಕ ಹೆಚ್ಚಿದಷ್ಟೂ ಮಲಗಿದ ನಾಯಿಯ ಚರ್ಮ ಒದ್ದೆಯಾಗಿರುತ್ತದೆ ಎಂದರ್ಥ. ಅಕ್ಕಸಾಲಿಗರ ತಕ್ಕಡಿ ಸಿಕ್ಕರೆ ಇನ್ನೂ ಉತ್ತಮ. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲೂ ಕೆಲಸ ನಡೆಯುತ್ತದೆ.

ನೂರು ಮಿಲಿಲೀಟರ್ ಎಂಬುದಕ್ಕೂ ಲೆಕ್ಕವಿದೆ. ಹತ್ತು ಕಿಲೋ ನಾಯಿ ದಿನಕ್ಕೆ 400 ಮಿಲಿಲೀಟರಿನವರೆಗೆ ನಾಲ್ಕು ಬಾರಿಯಲ್ಲಿ ಮಾಡಿದರೆ ಒಂದು ಬಾರಿಗೆ 100. ಮೂವತ್ತು ಕಿಲೋ ಲ್ಯಾಬ್ರಡಾರಿಗೆ ಇದೇ ಲೆಕ್ಕದಲ್ಲಿ 300 ಆಗುತ್ತದೆ. ಹೊರನೋಟಕ್ಕೆ ದೊಡ್ಡದಾಗಿದ್ದು ಒಳಗೆ ಅದೇ ಸಣ್ಣ ಪ್ಯಾಡ್ ಇಟ್ಟ ಸರಕಿನ ಬಗ್ಗೆ ಎಚ್ಚರವಿರಲಿ.

ಅಳತೆಯೇ ವ್ಯಾಪಾರ

ಮಕ್ಕಳ ಡೈಪರ್ ತೂಕದ ಮೇಲೆ ಖರ್ಚಾಗುತ್ತದೆ. ನಾಯಿಯ ಡೈಪರನ್ನು ತೂಕದ ಮೇಲೆ ಮಾರಿದರೆ ಅರ್ಧ ಸರಕು ಹಿಂದಿರುಗುತ್ತದೆ. ಒಂದೇ ತೂಕದ ಪಗ್‌ನ ಸೊಂಟ ಮರದ ದಿಮ್ಮಿಯಂತೆ, ಡ್ಯಾಶ್‌ಹಂಡ್‌ನ ಸೊಂಟ ಸೌತೆಕಾಯಿಯಂತೆ. ಮುಧೋಳದ ಬೇಟೆನಾಯಿಯ ಎದೆ ಆಳ, ಹೊಟ್ಟೆ ಒಳಕ್ಕೆ ಸೇರಿದ್ದು. ಯಾವ ಪಟ್ಟಿ ಕಟ್ಟಿದರೂ ಹಿಂದಕ್ಕೆ ಜಾರುತ್ತದೆ. ಪೊಮೆರೇನಿಯನ್‌ನ ರೋಮವೇ ಎರಡು ಅಂಗುಲ. ಅಳತೆ ತೆಗೆಯುವಾಗ ಅದನ್ನು ಒತ್ತಿ ಹಿಡಿಯಬೇಕು.

ದರ್ಜಿಯ ಟೇಪನ್ನು ನಿಂತ ನಾಯಿಯ ಹಿಂಗಾಲುಗಳ ಮುಂದುಗಡೆ, ಸೊಂಟದ ಸುತ್ತ ಹಿಡಿಯಬೇಕು. ಗಂಡಾದರೆ ಟೇಪು ಜನನಾಂಗದ ಮೇಲೆ ಹಾದುಹೋಗಬೇಕು. ಹೆಣ್ಣಿಗೆ ಎರಡನೆಯ ಅಳತೆಯೂ ಬೇಕು: ಬಾಲದ ಬುಡದಿಂದ ಕಾಲುಗಳ ನಡುವೆ ಹಾದು ಹೊಟ್ಟೆಯವರೆಗೆ. ಕಟ್ಟಿದ ಮೇಲೆ ಎರಡು ಬೆರಳು ಒಳಗೆ ಸರಾಗವಾಗಿ ಹೋಗಬೇಕು. ಹೋಗದಿದ್ದರೆ ತೊಡೆಸಂದಿಯಲ್ಲಿ ಉಜ್ಜಿ ಹುಣ್ಣಾಗುತ್ತದೆ. ಅಂಗೈಯೇ ಹೋದರೆ ನಾಯಿ ಸೋಫಾದ ಕೆಳಗೆ ನುಸುಳಿ ಬರುವಷ್ಟರಲ್ಲಿ ಕಳಚಿರುತ್ತದೆ. ಅಂಗಡಿಯಲ್ಲಿ ಒಂದು ಟೇಪು, ಒಂದು ಬಿಚ್ಚಿಟ್ಟ ಮಾದರಿ ಇಟ್ಟುಕೊಳ್ಳುವುದಕ್ಕೆ ಖರ್ಚಿಲ್ಲ. ಬಿಡಿಬಿಡಿಯಾಗಿ ಎರಡು ಮೂರು ಮಾರಲು ಒಪ್ಪುವ ಅಂಗಡಿಗೆ ಗ್ರಾಹಕರು ಪೂರ್ತಿ ಪ್ಯಾಕೆಟ್ಟಿಗೂ ಮರಳಿ ಬರುತ್ತಾರೆ.

ಈ ಸರಕಿನ ನಿಜವಾದ ಎದುರಾಳಿ ಇನ್ನೊಂದು ಕಂಪನಿಯ ನಾಯಿ ಡೈಪರಲ್ಲ, ಔಷಧಿ ಅಂಗಡಿಯಲ್ಲಿ ಸಿಗುವ ಮಕ್ಕಳ ಡೈಪರ್. ಅದನ್ನು ತಿರುಗಿಸಿ, ಪಟ್ಟಿಗಳು ಬೆನ್ನ ಮೇಲೆ ಬರುವಂತೆ ಕಟ್ಟಿ, ಬಾಲಕ್ಕೆ ರಂಧ್ರ ಕತ್ತರಿಸಿಕೊಳ್ಳುವವರು ಸಾಕಷ್ಟು ಜನ. ತಪ್ಪೇನಿಲ್ಲ, ಆದರೆ ಕತ್ತರಿಸಿದ ಅಂಚಿಗೆ ಸುತ್ತ ಟೇಪು ಹಚ್ಚದಿದ್ದರೆ ಒಳಗಿನ ಹರಳು ಉಬ್ಬಿ ಜೆಲ್ಲಿಯಾಗಿ ಹೊರಬೀಳುತ್ತದೆ, ನಾಯಿ ನೆಕ್ಕುತ್ತದೆ. ಅಲ್ಪ ಪ್ರಮಾಣ ವಿಷವಲ್ಲ, ಆದರೆ ಡೈಪರನ್ನೇ ಹರಿದು ನುಂಗಿದರೆ ಕರುಳು ಕಟ್ಟಿಕೊಳ್ಳಬಹುದು. ಹರಿದು ತಿನ್ನುವ ಸ್ವಭಾವದ ನಾಯಿಗೆ ಕಾಗದದ ಡೈಪರ್ ಕೊಡಬಾರದು.

ತೊಡಿಸುವ ಕ್ರಮ

ಮೊದಲ ದಿನ ಹತ್ತು ನಿಮಿಷ, ಮರುದಿನ ಅರ್ಧ ಗಂಟೆ, ಹೀಗೆ ತಿಂಡಿ ಕೊಡುತ್ತ ಅಭ್ಯಾಸ ಮಾಡಿಸಬೇಕು. ಡೈಪರ್ ಕಟ್ಟಿದ ಮಾತ್ರಕ್ಕೆ ಹೊರಗೆ ಕರೆದೊಯ್ಯುವುದನ್ನು ನಿಲ್ಲಿಸಬಾರದು. ಮೂರು ನಾಲ್ಕು ಗಂಟೆಗೊಮ್ಮೆ ತಪ್ಪದೆ ನೋಡಿ, ಒದ್ದೆಯಾಗಿದ್ದರೆ ಆಗಲೇ ಬದಲಿಸಬೇಕು. ಮಲವಾಗಿದ್ದರೆ ಒಂದು ಕ್ಷಣವೂ ತಡಮಾಡಬಾರದು. ಹೆಣ್ಣು ನಾಯಿಯ ಮೂತ್ರದ್ವಾರ ಸಮೀಪದಲ್ಲೇ ಇರುವುದರಿಂದ ಸೋಂಕು ಬಹು ಸುಲಭವಾಗಿ ಮೇಲೇರುತ್ತದೆ. ಪ್ರತಿ ಬದಲಾವಣೆಯಲ್ಲೂ ಉಗುರುಬೆಚ್ಚಗಿನ ನೀರಿನಿಂದ ಒರೆಸಿ, ಪೂರ್ತಿ ಒಣಗಿಸಿ, ದಿನಕ್ಕೆ ಕೆಲವು ಗಂಟೆ ಬರಿಮೈಯಲ್ಲಿ ಬಿಡಬೇಕು. ಉದ್ದ ರೋಮದ ನಾಯಿಗೆ ಆ ಭಾಗವನ್ನು ಕತ್ತರಿಸಿಡುವುದು ಒಳಿತು.

ಚರ್ಮ ಕೆಂಪಾದಾಗ ಮನೆಯಲ್ಲಿರುವ ಮಕ್ಕಳ ಡೈಪರ್ ಕ್ರೀಮನ್ನೇ ಹಚ್ಚುವುದು ಸಾಮಾನ್ಯ. ಇದು ಅಪಾಯಕಾರಿ. ಅಂತಹ ಹಲವು ಕ್ರೀಮುಗಳಲ್ಲಿ ಸತುವಿನ ಆಕ್ಸೈಡ್ ಇರುತ್ತದೆ. ಮಗು ಅದನ್ನು ನೆಕ್ಕುವುದಿಲ್ಲ, ನಾಯಿ ನೆಕ್ಕುತ್ತದೆ, ಹೊಟ್ಟೆಗೆ ಹೋದರೆ ವಾಂತಿಯಿಂದ ಹಿಡಿದು ರಕ್ತಹೀನತೆಯವರೆಗೆ ಹಾನಿಯಾಗುತ್ತದೆ. ಎರಡನ್ನೂ ಮಾರುವ ಔಷಧಿ ವರ್ತಕರು ಈ ಸಂಗತಿಯನ್ನು ವಿಶೇಷವಾಗಿ ನೆನಪಿಡತಕ್ಕದ್ದು.

ಬಟ್ಟೆಯ ಡೈಪರ್ ಮತ್ತು ಸಣ್ಣ ಘಟಕ

ಎಸೆಯುವ ಡೈಪರ್ ತಯಾರಿಕೆ ಭಾರಿ ಬಂಡವಾಳದ ವೇಗದ ಯಂತ್ರಗಳ ಕೆಲಸ; ಸಣ್ಣ ಘಟಕ ಅದರ ಗೊಡವೆಗೆ ಹೋಗಬಾರದು. ಜಪಾನಿನ ಯೂನಿಚಾರ್ಮ್‌ನಂತಹ ಸಂಸ್ಥೆಗಳು ಮಕ್ಕಳ, ಹಿರಿಯರ, ನಾಯಿಗಳ ಡೈಪರುಗಳನ್ನೆಲ್ಲ ತಯಾರಿಸುತ್ತವೆ. ಅದೇ ದೇಶದ ಓಜಿ ಸಮೂಹ 2024ರಲ್ಲಿ ಸ್ವದೇಶದ ಮಾರುಕಟ್ಟೆಗೆ ಮಕ್ಕಳ ಡೈಪರ್ ತಯಾರಿಸುವುದನ್ನೇ ನಿಲ್ಲಿಸಿ ಹಿರಿಯರ ಡೈಪರಿನ ಕಡೆ ಹೊರಳಿತು. ಹುಟ್ಟುವವರು ಕಡಿಮೆಯಾಗಿ ಮುದಿಯಾಗುವವರು ಹೆಚ್ಚಿದರೆ ಸರಕು ಹೇಗೆ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಬಟ್ಟೆಯ ಡೈಪರಿನ ಲೆಕ್ಕ ಬೇರೆ. ಮುದಿ ನಾಯಿಗೆ ದಿನಕ್ಕೆ ನಾಲ್ಕರಂತೆ ತಿಂಗಳಿಗೆ 120 ಎಸೆಯುವ ಡೈಪರ್ ಬೇಕು. ಒಂದಕ್ಕೆ 30 ರೂಪಾಯಿಯೆಂದು ಹಿಡಿದರೆ 3,600 ರೂಪಾಯಿ. ಬಟ್ಟೆಯದು ಒಂದಕ್ಕೆ 350 ರೂಪಾಯಿಯಾದರೂ ಆರು ಕೊಂಡರೆ 2,100ಕ್ಕೆ ಮುಗಿಯಿತು. ಲೆಕ್ಕಕ್ಕಾಗಿ ಹಿಡಿದ ಈ ದರಗಳು ಹೆಚ್ಚು ಕಡಿಮೆಯಾದರೂ, ತಿಂಗಳುಗಟ್ಟಲೆ ಬಳಸುವವರಿಗೆ ಬಟ್ಟೆಯೇ ಅಗ್ಗವೆಂಬ ಫಲಿತಾಂಶ ಬದಲಾಗುವುದು ಅಪರೂಪ. ಬೆದೆಯ ಮೂರು ವಾರಕ್ಕೆ ಮಾತ್ರ ಬೇಕೆನ್ನುವವರು ಒಗೆಯುವ ತೊಂದರೆ ಬೇಡವೆಂದು ಕಾಗದದ್ದನ್ನೇ ಆಯ್ದುಕೊಳ್ಳಬಹುದು.

ಹೊರಪದರಕ್ಕೆ ಪಾಲಿಯುರೆಥೇನ್ ಲೇಪಿತ ಪಾಲಿಯೆಸ್ಟರ್, ಹೀರುವುದಕ್ಕೆ ಟೆರ್ರಿ ಬಟ್ಟೆ, ಮೈಗೆ ತಾಗುವುದಕ್ಕೆ ಬೇಗ ಒಣಗುವ ಮೃದು ಬಟ್ಟೆ ಎಂಬುದು ಸಾಮಾನ್ಯ ಕ್ರಮ. ಟೆರ್ರಿಗೆ ದೂರ ಹುಡುಕಬೇಕಿಲ್ಲ. ಸೊಲ್ಲಾಪುರ ಅದಕ್ಕೇ ಹೆಸರಾದ ಊರು. ಉಡುಪು ಕಾರ್ಖಾನೆಯ ಕಟ್‌ಪೀಸುಗಳು ಹೊರಪದರದ ಅಲಂಕಾರಕ್ಕೆ ಆದೀತು, ಹೀರುವ ಪದರಕ್ಕೆ ಆಗದು. ಸೂಟಿನ ಬಟ್ಟೆ ನೀರು ಕುಡಿಯುವುದಿಲ್ಲ.

ಹೊಸಬರು ಸೋಲುವುದು ಹೊಲಿಗೆಯಲ್ಲಿ. ಲೇಪಿತ ಬಟ್ಟೆಗೆ ಸೂಜಿ ಚುಚ್ಚಿದಲ್ಲೆಲ್ಲ ಒಂದು ರಂಧ್ರ. ಹೀರುವ ಪ್ಯಾಡನ್ನು ಹೊರಪದರಕ್ಕೆ ನಡುವೆ ಗೆರೆ ಎಳೆದು ಹೊಲಿದರೆ ಆ ಗೆರೆಯುದ್ದಕ್ಕೂ ಸೋರುತ್ತದೆ. ಪ್ಯಾಡು ಅಂಚಿನಲ್ಲಿ ಮಾತ್ರ ಸೇರಬೇಕು, ಇಲ್ಲವೆ ಬಿಡಿಯಾಗಿ ಜೇಬಿನೊಳಗೆ ಕೂರಬೇಕು. ಹತ್ತಿಯ ದಾರ ಬತ್ತಿಯಂತೆ ಮೂತ್ರವನ್ನು ಹೊರಗೆಳೆಯುವುದರಿಂದ ಪಾಲಿಯೆಸ್ಟರ್ ದಾರವನ್ನೇ ಬಳಸಬೇಕು. ವೆಲ್ಕ್ರೋದ ಒರಟು ಬದಿ ಎಂದೂ ರೋಮಕ್ಕೆ ತಾಗಬಾರದು. ಬೆನ್ನ ಮೇಲೆ, ಹೊರಮುಖವಾಗಿ ಇರಬೇಕು. ಬಾಲದ ರಂಧ್ರದ ಅಂಚಿಗೆ ಮೃದುವಾದ ಪೈಪಿಂಗ್ ಹಾಕದಿದ್ದರೆ ಗಾಯವಾಗುವುದು ಅಲ್ಲಿಯೇ.

ಒಗೆಯುವ ಸೂಚನೆಯನ್ನು ಅಚ್ಚು ಮಾಡಿ ಕೊಡಬೇಕು: ಮೊದಲು ತಣ್ಣೀರಿನಲ್ಲಿ ಹಿಂಡಿ, ಆಮೇಲೆ ಬಿಸಿನೀರಿನಲ್ಲಿ ಸುವಾಸನೆಯಿಲ್ಲದ ಸೋಪಿನಿಂದ, ಮೃದುಕಾರಕ ದ್ರವ ಬೇಡ, ಅದು ಬಟ್ಟೆಯ ಹೀರುವ ಗುಣವನ್ನು ಕೆಡಿಸುತ್ತದೆ, ಬ್ಲೀಚಿಂಗ್ ಪುಡಿಯೂ ಇಸ್ತ್ರಿಯೂ ಬೇಡ, ಲೇಪ ಕಿತ್ತುಬರುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯವರಿಗೆ ಪರಿಚಿತವಾದ ಕೊಳವೆಬಾವಿಯ ಗಡಸು ನೀರಿನಲ್ಲಿ ಸೋಪು ಬಟ್ಟೆಯಲ್ಲೇ ಉಳಿದು ಚರ್ಮ ಉರಿಯುತ್ತದೆ. ಒಂದು ಜಾಲಿಕೆ ಹೆಚ್ಚಾಗಿಯೇ ಇರಲಿ.

ಲೇಬಲ್, ತೆರಿಗೆ, ಕಸ

ಪ್ಯಾಕ್ ಮಾಡಿ ಮಾರುವುದಾದರೆ 2011ರ ಪೊಟ್ಟಣ ಸರಕುಗಳ ಕಾನೂನುಬದ್ಧ ಮಾಪನ ನಿಯಮಗಳಂತೆ ತಯಾರಕರ ಹೆಸರು, ವಿಳಾಸ, ಸಂಖ್ಯೆ, ತಿಂಗಳು ಮತ್ತು ವರ್ಷ, ಗರಿಷ್ಠ ಮಾರಾಟ ಬೆಲೆ, ದೂರು ಸಂಪರ್ಕ ಇವು ಪೊಟ್ಟಣದ ಮೇಲಿರಬೇಕು. ಜಿಎಸ್‌ಟಿಯ ವಿಷಯದಲ್ಲಿ ಮಕ್ಕಳ ಡೈಪರಿನ ದರವನ್ನೇ ಕಣ್ಣುಮುಚ್ಚಿ ಹಾಕಬಾರದು. ಮಕ್ಕಳ ಡೈಪರ್ ಬರುವುದು 9619ರ ಶೀರ್ಷಿಕೆಯಡಿ. ನಾಯಿಯ ಕೋಟು ಮುಂತಾದ ಪ್ರಾಣಿಗಳ ತೊಡುಗೆಗೆ 4201 ಎಂಬ ಬೇರೆಯೇ ಶೀರ್ಷಿಕೆಯಿದೆ. ಸರಕಿನ ಮಾದರಿಯನ್ನು ಲೆಕ್ಕ ಪರಿಶೋಧಕರಿಗೆ ತೋರಿಸಿ, ಶೀರ್ಷಿಕೆ ನಿಶ್ಚಯಿಸಿಕೊಂಡ ಮೇಲೆಯೇ ಮೊದಲ ಬಿಲ್ ಹರಿಯಬೇಕು.

ಬಳಸಿದ ಡೈಪರನ್ನು 2016ರ ಘನತ್ಯಾಜ್ಯ ನಿಯಮಗಳು ನೈರ್ಮಲ್ಯ ತ್ಯಾಜ್ಯವೆಂದು ಗುರುತಿಸಿದವು. ಬೆಂಗಳೂರಿನಲ್ಲಿ 2015ರ ಉಚ್ಚ ನ್ಯಾಯಾಲಯದ ಆದೇಶದ ಮೇರೆಗೆ ಬಂದ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯಲ್ಲಿ ಇದರ ಸ್ಥಾನ ಕೆಂಪು ಬುಟ್ಟಿ. ಕಾಗದದಲ್ಲಿ ಸುತ್ತಿ, ಗುರುತು ಮಾಡಿ ಕೊಡಬೇಕು. ಕಕ್ಕಸಿಗೆ ಹಾಕಿದರೆ ಒಳಗಿನ ಹರಳು ಉಬ್ಬಿ ಕೊಳವೆ ಕಟ್ಟಿಕೊಳ್ಳುತ್ತದೆ.

ಹೊಲಿಗೆ ಘಟಕ ಕೆಲಸ ಆರಂಭಿಸುವುದಾದರೆ ಐನೂರು ಕತ್ತರಿಸುವ ಮೊದಲು ಯಲಹಂಕದ ಕಡೆಯ ಒಂದು ಪಶುಚಿಕಿತ್ಸಾಲಯದ ಅನುಮತಿ ಪಡೆದು, ಅಲ್ಲಿಗೆ ಬರುವ ಇಪ್ಪತ್ತು ಮೂವತ್ತು ನಾಯಿಗಳ ಸೊಂಟ ಅಳೆದು ಬರುವುದು ಉತ್ತಮ. ಯಾವ ಅಳತೆಯವು ಹೆಚ್ಚೆಂಬುದು ಆ ಪಟ್ಟಿಯಿಂದ ತಿಳಿಯುತ್ತದೆ. ಅದರಂತೆ ಎರಡೇ ಸೈಜು, ಒಂದು ಹೆಣ್ಣಿನದು, ಒಂದು ಗಂಡಿನ ಪಟ್ಟಿ, ಹೀಗೆ ಐವತ್ತು ತುಂಡಿನಿಂದ ತೊಡಗಬಹುದು. ಪೊಟ್ಟಣದ ಹಿಂಬದಿಯಲ್ಲಿ ಸೊಂಟದ ಅಳತೆಯ ಚಿತ್ರದ ಕೆಳಗೆ, ಬೆಲೆಗಿಂತ ದಪ್ಪ ಅಕ್ಷರದಲ್ಲಿ, ಹೀಗೊಂದು ಸಾಲು ಇರಲಿ: ನಾಯಿ ತಿಣುಕುತ್ತಿದ್ದರೆ, ಊಟ ಬಿಟ್ಟಿದ್ದರೆ ಅಥವಾ ಇದ್ದಕ್ಕಿದ್ದಂತೆ ಹೆಚ್ಚು ನೀರು ಕುಡಿಯುತ್ತಿದ್ದರೆ ಇದನ್ನು ತೊಡಿಸುವ ಮೊದಲು ಪಶುವೈದ್ಯರಿಗೆ ತೋರಿಸಿ.